ಕಾವೇರಿಯ ತಡಿಯ ಬಿಳಿಮೀನು

ಕಾವೇರಿ ಎಂದೊಡನೆ ನಮ್ಮವರ ಮನಸ್ಸು ತಲಕಾವೇರಿಗೋ ಶ್ರೀರಂಗಪಟ್ಟಣಕ್ಕೋ ಶಿವನಸಮುದ್ರಕ್ಕೋ ಹೋಗುವುದು ಸಹಜ. ತೀರ್ಥಸ್ನಾನ ಮಾಡಿ ಬಂದವರೂ ಜಲಪಾತವನ್ನು ಕಂಡು ಬಂದವರೂ ಮನೆಮನೆಯಲ್ಲಿ ಇದ್ದಾರೆ. ಆದರೆ ಶಿವನಸಮುದ್ರದಲ್ಲಿ ಧುಮುಕಿದ ಮೇಲೆ ಆ ತಾಯಿಯು ಕಾಡನ್ನು ಹೊಕ್ಕು, ಬೆಟ್ಟಗಳ ನಡುವೆ ಊರ ಕಣ್ಣಿಗೆ ಮರೆಯಾಗಿ ಹರಿಯುವ ಭಾಗವನ್ನು ನೋಡಿದವರು ವಿರಳ. ಆ ಭಾಗದಲ್ಲಿ ಬಹುಕಾಲ ಒಂದು ವಿಚಿತ್ರವಾದ ಕೂಟವು ನಡೆಯುತ್ತಿತ್ತು. ದೂರದೂರದಿಂದ ಬಂದು, ದಿನವೆಲ್ಲ ಬಿಸಿಲಿನಲ್ಲಿ ಕಾದು, ಹಿಡಿದ ಮೀನನ್ನು ತೂಗಿ, ತೂಕವನ್ನು ಬರೆದಿಟ್ಟು, ಮತ್ತೆ ಹೊಳೆಗೇ ಬಿಟ್ಟುಬಿಡುತ್ತಿದ್ದವರ ಕೂಟವದು. ಅವರು ಇದ್ದ ಸ್ಥಳವನ್ನೂ ಅವರು ಬಿಟ್ಟುಹೋದ ಲೆಕ್ಕದ ಕಥೆಯನ್ನೂ ತಿಳಿಯಬೇಕೆಂದು ನಾವು ಕನಕಪುರದ ಸೀಮೆಗೆ ಹೊರಟೆವು.

ಬೆಂಗಳೂರಿನಿಂದ ಕನಕಪುರಕ್ಕೆ ಸುಮಾರು 35 ಮೈಲಿ. ನೇರವಾಗಿ ಸಂಗಮದ ರಸ್ತೆಯನ್ನು ಹಿಡಿಯದೆ ಮೊದಲು ಕೋಡಿಹಳ್ಳಿಗೆ ಹೋದೆವು. ಕೋಡಿಹಳ್ಳಿಯು ಕನಕಪುರ ತಾಲ್ಲೂಕಿನ ಒಂದು ಹೋಬಳಿಯ ಮುಖ್ಯ ಗ್ರಾಮ. ರಾಗಿ, ಹುರುಳಿ, ಹಿಪ್ಪುನೇರಳೆ, ರೇಷ್ಮೆಯ ಹುಳುವಿನ ತಟ್ಟೆಗಳು, ಹೊಲದಂಚಿನ ಹುಣಿಸೆ ಮರಗಳು, ಇವು ಈ ನಾಡಿನ ಸಂಪತ್ತು. ದಕ್ಷಿಣಕ್ಕೆ ನೋಡಿದರೆ ಬಿಳಿಕಲ್ ರಂಗಸ್ವಾಮಿಯ ಬೆಟ್ಟವೂ ಅದರಾಚೆಗೆ ಮಡಿಕೆ ಮಡಿಕೆಯಾಗಿ ಬಿದ್ದ ಕಾಡುಗುಡ್ಡಗಳೂ ಕಾಣುತ್ತವೆ. ಆ ಗುಡ್ಡಗಳಾಚೆಯೇ ಕಾವೇರಿ. ಇಲ್ಲಿಯ ರೈತನಿಗೆ ಆನೆಯ ಉಪಟಳವು ಹೊಸದಲ್ಲ. ಬೆಳೆ ಕೈಗೆ ಬರುವ ತಿಂಗಳುಗಳಲ್ಲಿ ರಾತ್ರಿಯೆಲ್ಲ ಎಚ್ಚರವಾಗಿದ್ದು ಕಾವಲು ಕಾಯುವುದೂ ಬೇಸಾಯದ ಒಂದು ಕೆಲಸವೇ.

ಕೆರೆಯು ತುಂಬಿ ಹೆಚ್ಚಿನ ನೀರು ಹರಿದುಹೋಗುವ ಸ್ಥಳವನ್ನು ಕೋಡಿ ಎನ್ನುವುದನ್ನು ವಾಚಕರು ಬಲ್ಲರು. ಮುಂಗಾರಿನಲ್ಲಿ ಕೆರೆ ಕೋಡಿ ಬಿದ್ದಿತೆಂದರೆ ಹಳ್ಳಿಗೆಲ್ಲ ಹಬ್ಬ. ಹೆಂಗಸರು ಬಾಗಿನ ಅರ್ಪಿಸುವರು; ಹುಡುಗರು ಮಾತ್ರ ಕೋಡಿಯ ಕೆಳಗೆ ನಿಂತು, ಹರಿಯುವ ನೀರಿಗೆ ಎದುರಾಗಿ ಏರಿಬರುವ ಮೀನುಗಳನ್ನು ನೋಡಿ ಕೂಗಾಡುವರು. ನೀರು ಕೆಳಕ್ಕೆ ಎಳೆದಷ್ಟೂ ಮೀನು ಮೇಲಕ್ಕೆ ಹೋಗಲು ಹವಣಿಸುವುದು ಒಂದು ಸೋಜಿಗ. ಹೊಳೆಯ ಮೀನುಗಳಲ್ಲಿ ಈ ಸ್ವಭಾವವು ಪ್ರಬಲವಾಗಿರುವ ಒಂದು ಜಾತಿ ಮಹಸೀರ್. ನಮ್ಮ ಹೊಳೆಯ ಜನ ಇದನ್ನು ಬಿಳಿಮೀನು ಎನ್ನುತ್ತಾರೆ. ಮಳೆಗಾಲದ ಕೆಂಪು ನೀರಿನಲ್ಲಿ ಇದು ಪ್ರವಾಹಕ್ಕೆದುರಾಗಿ ಈಜಿ, ಉಪನದಿಗಳ ಮೇಲ್ಭಾಗವನ್ನು ಸೇರಿ ಮೊಟ್ಟೆಯಿಡುತ್ತದೆ. ನಾವು ಕಾಣಹೊರಟಿದ್ದುದು ಈ ಮೀನಿನ ಮನೆಯನ್ನು.

ಕೋಡಿಹಳ್ಳಿಯಿಂದ ಹಳ್ಳಿಯ ದಾರಿಗಳನ್ನು ಹಿಡಿದು ಸಂಗಮದ ರಸ್ತೆಯನ್ನು ಸೇರಿದೆವು. ಹೊಲಗಳು ಮುಗಿದು ಕುರುಚಲು ಕಾಡು ತೊಡಗಿತು. ಬಿದಿರ ಮೆಳೆಗಳು ಹೆಚ್ಚಾದವು. ರಸ್ತೆಯು ಬಳಸಿ ಬಳಸಿ ಇಳಿದು, ಅರ್ಕಾವತಿಯು ಕಾವೇರಿಯನ್ನು ಕೂಡುವ ತಾಣಕ್ಕೆ ನಮ್ಮನ್ನು ತಂದಿತು. ನಂದಿಬೆಟ್ಟದ ಕಡೆ ಹುಟ್ಟಿ, ಪಟ್ಟಣಗಳ ಕೊಳೆಯನ್ನೆಲ್ಲ ಹೊತ್ತು ಬರುವ ಅರ್ಕಾವತಿಯು ಇಲ್ಲಿ ಅಕ್ಕನ ಮಡಿಲಿಗೆ ಬಿದ್ದಂತೆ ಸುಮ್ಮನಾಗುತ್ತಾಳೆ. ಇಲ್ಲಿಂದ ಎರಡೂವರೆ ಮೈಲಿ ಕೆಳಗೆ ಮೇಕೆದಾಟು. ಅಲ್ಲಿ ಇಡೀ ನದಿಯು ಕಲ್ಲಿನ ಇಕ್ಕಟ್ಟಿನಲ್ಲಿ ನುಗ್ಗಿ ಹೋಗುವುದನ್ನು ನೋಡಿದರೆ, ಮೇಕೆಯೊಂದು ಹಾರಿ ದಾಟಿತೆಂಬ ಕಥೆಯನ್ನು ನಂಬಲು ಮನಸ್ಸಾಗುತ್ತದೆ. ನಮ್ಮ ದಾರಿ ಮಾತ್ರ ಮೇಲ್ಗಡೆಗೆ, ಗಾಳಿಬೋರೆಯತ್ತ.

ಗಾಳಿಬೋರೆ ಒಂದು ಊರಲ್ಲ. ಹೊಳೆಯ ದಂಡೆಯ ಒಂದು ಬಿಡಾರ. ಹೊಳೆಮತ್ತಿಯ ಹಿರಿಯ ಮರಗಳು ನೀರಿನ ಮೇಲೆ ಬಾಗಿವೆ. ಬಂಡೆಗಳ ನಡುವೆ ನೀರು ಒಮ್ಮೆ ಮಡುವಾಗಿ ನಿಲ್ಲುತ್ತದೆ, ಒಮ್ಮೆ ಬಿಳಿಯ ನೊರೆಯಾಗಿ ಓಡುತ್ತದೆ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಎಂಬ ಮೂರು ಕಡೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯವರು ಗಾಳದವರಿಗಾಗಿ ಬಿಡಾರಗಳನ್ನು ನಡೆಸಿದರು. ಅದಕ್ಕೂ ಮೊದಲಿನಿಂದ, 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಸಂಘವು ಹೊಳೆಯ ಒಂದು ಭಾಗದ ಮೀನಿನ ಹಕ್ಕನ್ನು ಗುತ್ತಿಗೆಗೆ ಪಡೆದು, ಮೀನನ್ನು ಕೊಲ್ಲಗೊಡದೆ ಕಾಯಲು ಕಾವಲಿಟ್ಟಿತ್ತು.

ಈ ವಿನೋದಕ್ಕೆ ನಮ್ಮ ನಾಡಿನಲ್ಲಿ ಹಳೆಯ ಚರಿತ್ರೆಯೇ ಉಂಟು. ಹಿಂದೂಸ್ಥಾನದ ಗಾಳದ ಮೀನುಗಾರಿಕೆಯನ್ನು ಕುರಿತು ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲ ಅಧಿಕಾರಿಯು ಬರೆದ ಪ್ರಸಿದ್ಧ ಗ್ರಂಥವು 1873ರಲ್ಲಿ ಅಚ್ಚಾದುದು ಲಂಡನ್ನಿನಲ್ಲಲ್ಲ, ನಮ್ಮ ಮಂಗಳೂರಿನಲ್ಲಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಮೈಸೂರು ಸೀಮೆಯ ಹೊಳೆಯಲ್ಲಿ ಹಿಡಿದ ಮಹಸೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಒಬ್ಬ ಗಂಡಾಳಿನ ತೂಕ! ಆಮೇಲೆ ಈ ಮೀನು ಬಹುತೇಕ ನಶಿಸಿತೆಂದೇ ಹೊರಗಿನವರು ತಿಳಿದಿದ್ದರು. 1977–78ರಲ್ಲಿ ಇಂಗ್ಲೆಂಡಿನಿಂದ ಬಂದ ಒಂದು ಸಣ್ಣ ತಂಡವು ಕಾವೇರಿಯಲ್ಲಿ ಗಾಳ ಹಾಕಿ, ದೊಡ್ಡ ಮೀನು ಇನ್ನೂ ಇದೆಯೆಂದು ತೋರಿಸಿತು. ಅಂದಿನಿಂದ ಈ ಕಾಡುಹೊಳೆಯ ಹೆಸರು ಲೋಕದ ಗಾಳದವರ ಬಾಯಲ್ಲೆಲ್ಲ ಹರಿದಾಡಿತು.

ಗಾಳದವರಲ್ಲಿಯೂ ಎರಡು ಪಂಗಡ. ಮೊದಲನೆಯವರದು ಎರೆಯ ಗಾಳ. ಎರಡನೆಯವರದು ಫ್ಲೈ ಎಂಬ ಕೃತಕ ನೊಣದ ಗಾಳ. ಈ ನೊಣವನ್ನು ಕೊಕ್ಕೆಯ ಮೇಲೆ ಹಕ್ಕಿಯ ಗರಿ, ರೋಮ, ರೇಷ್ಮೆಯ ನೂಲು ಸುತ್ತಿ ಕೈಯಿಂದಲೇ ಕಟ್ಟುತ್ತಾರೆ. ನಮ್ಮ ಹೆಣ್ಣುಮಕ್ಕಳ ಕಸೂತಿಗೆ ಬೇಕಾಗುವ ತಾಳ್ಮೆಯೇ ಇದಕ್ಕೂ ಬೇಕು. ನೊಣಕ್ಕೆ ಭಾರವಿಲ್ಲ, ಆದುದರಿಂದ ಅದನ್ನು ಎಸೆಯಲಾಗದು. ಭಾರವೆಲ್ಲ ಹುರಿಯಲ್ಲಿದೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ಹುರಿಯು ಗಾಳಿಯಲ್ಲಿ ಸುರುಳಿ ಬಿಚ್ಚುತ್ತ ಹೋಗಿ, ತುದಿಯ ನೊಣವನ್ನು ನೀರಿನ ಮೇಲೆ ಮೆಲ್ಲನೆ ಇಳಿಸುತ್ತದೆ. ನೀಲಗಿರಿಯ ಟ್ರೌಟ್ ಮೀನಿನ ಹೊಳೆಗಳಲ್ಲಿ ಈ ವಿದ್ಯೆ ಬಹುಕಾಲದಿಂದ ನಡೆದುಬಂದಿದೆ. ಕಾವೇರಿಯಲ್ಲಿ ಮಳೆಗಾಲದ ಕದಡು ಇಳಿದು ನೀರು ತಿಳಿಯಾದ ಮೇಲೆಯೇ ನೊಣಕ್ಕೆ ಬೆಲೆ. ದೊಡ್ಡ ಮೀನನ್ನು ಬಯಸುವವರು ಮಾತ್ರ ನಂಬಿದ್ದುದು ಬೇರೊಂದನ್ನು. ಅದು ಯಾವುದೆಂದು ಬಲ್ಲಿರಾ? ರಾಗಿ! ರಾಗಿಯ ಹಿಟ್ಟನ್ನು ಬೇಯಿಸಿ, ಗಟ್ಟಿಯಾಗಿ ನಾದಿ, ನಿಂಬೆಯ ಗಾತ್ರದ ಉಂಡೆ ಮಾಡಿ ಕೊಕ್ಕೆಗೆ ಮೆತ್ತುತ್ತಿದ್ದರು. ಸಾವಿರಾರು ಮೈಲಿ ದೂರದಿಂದ ಬಂದ ಸಾಹೇಬನ ಬೆಲೆಬಾಳುವ ಕೋಲಿನ ತುದಿಯಲ್ಲಿ ಕೊನೆಗೆ ತೂಗಾಡುತ್ತಿದ್ದುದು ನಮ್ಮ ಮುದ್ದೆ.

ಆ ಮುದ್ದೆಯನ್ನು ನಾದುತ್ತಿದ್ದ ಕೈಗಳೇ ಈ ಕೂಟದ ಜೀವ. ಅವರು ಹೊಳೆಯ ದಂಡೆಯ ಹಳ್ಳಿಗಳ ಜನ. ಅವರಲ್ಲಿ ಕೆಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ. ಮಡುವಿಗೆ ಸಿಡಿಮದ್ದು ಎಸೆದರೆ ಒಂದು ಗಳಿಗೆಯಲ್ಲಿ ಹಿರಿದು ಕಿರಿದೆನ್ನದೆ ಮೀನೆಲ್ಲ ಸತ್ತು ತೇಲುವುದು. ಅದನ್ನು ಮಾರಿದರೆ ಬರುವುದು ಒಂದು ದಿನದ ಕೂಲಿ. ಅದೇ ಮೀನನ್ನು ಜೀವಂತವಾಗಿ ಉಳಿಸಿದರೆ, ಅದನ್ನು ಒಮ್ಮೆ ಕಂಡು ಬಿಡುವುದಕ್ಕಾಗಿ ಪ್ರತಿ ವರ್ಷವೂ ಜನ ಬರುವರು, ಕೂಲಿ ಪ್ರತಿ ವರ್ಷವೂ ದೊರೆಯುವುದು. ಈ ಲೆಕ್ಕವು ಅವರಿಗೆ ತಿಳಿಯಿತು. ಯಾವ ಬಂಡೆಯ ಮರೆಯಲ್ಲಿ ಮೀನು ಯಾವ ಹೊತ್ತಿಗೆ ನಿಲ್ಲುವುದೆಂಬುದನ್ನು ಬಲ್ಲ ಅವರೇ ಮಾರ್ಗದರ್ಶಿಗಳಾದರು, ಕಾವಲುಗಾರರೂ ಆದರು.

ಬಿಡಾರದ ದಿನಚರಿಯು ಬೆಳಕು ಹರಿಯುವ ಮೊದಲೇ ತೊಡಗುತ್ತಿತ್ತು. ಚಹಾ ಕುಡಿದು ಹರಿಗೋಲನ್ನೇರಿ ಮಡುವಿಗೆ ಹೋಗುವುದು. ಬಿಸಿಲೇರಿದಾಗ ಮರಳಿ ಬಂದು ಮರದ ನೆರಳಿನಲ್ಲಿ ಊಟ, ಹರಟೆ, ನೊಣ ಕಟ್ಟುವ ಕೆಲಸ. ಸಂಜೆಗೆ ಮತ್ತೆ ಹೊಳೆ. ಮೀನು ಸಿಕ್ಕಿತೆಂದರೆ ಅದು ಬಂಡೆಗಳ ನಡುವೆ ಹುರಿಯನ್ನೆಳೆದುಕೊಂಡು ಓಡುವ ರಭಸಕ್ಕೆ ಹರಿಗೋಲೇ ಹಿಂದೆ ಹೋಗಬೇಕು. ಕಡೆಗೆ ಸೋತು ದಡಕ್ಕೆ ಬಂದ ಮೀನನ್ನು ತೂಗಿ, ಅದರ ಮುಖವನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು, ಉಸಿರು ಕುದುರುವವರೆಗೆ ಕೈಯಲ್ಲಿ ಆತುಕೊಂಡಿದ್ದು ಬಿಡುವರು. ರಾತ್ರಿ ದೀಪದ ಬಳಿ ಆ ದಿನದ ಲೆಕ್ಕವನ್ನು ಬರೆಯುವರು. ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು ಬಂದವು, ಯಾವ ಬಗೆ, ಎಷ್ಟು ತೂಕ ಎಂಬಿಷ್ಟೇ.

ಬಿಡುವುದಾದರೆ ಹಿಡಿಯುವುದೇತಕ್ಕೆ ಎಂದು ಓದುಗ ಮಹಿಳೆಯರು ಕೇಳಬಹುದು. ನಮ್ಮ ಮನೆಯಲ್ಲಿಯೂ ಈ ಪ್ರಶ್ನೆ ಬಂದಿತು. ಬಾಯಿಗೆ ಕೊಕ್ಕೆ ಚುಚ್ಚಿಸಿಕೊಂಡ ಪ್ರಾಣಿಗೆ ಬಾಧೆಯಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಅಕ್ಕಿ, ಪುರಿ ಹಾಕಿ ಕಣ್ತುಂಬ ನೋಡಿ ಬರುವ ನಮ್ಮ ಸಂಪ್ರದಾಯವು ಇದಕ್ಕಿಂತ ಸೌಮ್ಯವಾದುದೇ ಸರಿ. ಆದರೆ 1996ರಲ್ಲಿ ಶಿಶಿಲದ ಹೊಳೆಗೆ ದುರುಳರು ವಿಷ ಹಾಕಿದಾಗ ಆ ದೇವರ ಮೀನುಗಳೂ ರಾಶಿರಾಶಿಯಾಗಿ ಸತ್ತುವು. ಭಕ್ತಿಯೊಂದೇ ಸಾಲದು, ಹೊಳೆಯ ದಂಡೆಯಲ್ಲಿ ದಿನವೂ ಕಣ್ಣಿಟ್ಟಿರುವವರೂ ಬೇಕು.

ಗಾಳಿಬೋರೆಯ ಲೆಕ್ಕದ ಪುಸ್ತಕಗಳ ಬೆಲೆಯು ತಿಳಿದುದು ತಡವಾಗಿ. 1998ರಿಂದ 2012ರವರೆಗಿನ ಬರಹವನ್ನು ವಿಜ್ಞಾನಿಗಳು ಕೂಡಿಸಿ ನೋಡಿ 2015ರಲ್ಲಿ ಪ್ರಕಟಿಸಿದರು. 23,620 ಗಂಟೆಗಳ ಗಾಳಕ್ಕೆ 6,161 ಮಹಸೀರ್‌ಗಳು ಬಂದು ಮರಳಿ ಹೊಳೆ ಸೇರಿದ್ದುವು. ವರ್ಷ ಕಳೆದಂತೆ ಗಂಟೆಗೆ ಸಿಕ್ಕುವ ಮೀನಿನ ಸಂಖ್ಯೆ ಏರಿತ್ತು, ಕಾವಲು ಫಲಿಸಿತ್ತು. ಆದರೆ ಅದೇ ಪುಸ್ತಕದಲ್ಲಿ ಎದೆ ನಡುಗಿಸುವ ಇನ್ನೊಂದು ಸಂಗತಿಯಿತ್ತು. ಹೆಚ್ಚುತ್ತಿದ್ದುದು ನೀಲಿ ರೆಕ್ಕೆಯ ಮಹಸೀರ್. ಅದು ಈ ಹೊಳೆಯ ಮೂಲನಿವಾಸಿಯಲ್ಲ. ಮಹಾರಾಷ್ಟ್ರದ ಲೋಣಾವಳದ ಮರಿಕೇಂದ್ರದಲ್ಲಿ ಸದುದ್ದೇಶದಿಂದಲೇ ಬೆಳೆಸಿ ದೇಶದ ಅನೇಕ ಹೊಳೆಗಳಿಗೆ ಹಂಚಿದ ಮರಿಗಳ ಸಂತತಿ. ಕಾವೇರಿಯ ಸ್ವಂತ ಮಗ, ತಲೆಯ ಹಿಂದೆ ಡುಬ್ಬವಿದ್ದು ಕಿತ್ತಳೆ ಬಣ್ಣದ ರೆಕ್ಕೆಗಳಿಂದ ಮೆರೆಯುವ ಮಹಾಮತ್ಸ್ಯವು, ವರ್ಷದಿಂದ ವರ್ಷಕ್ಕೆ ಕಡಮೆಯಾಗಿ, ಕಡೆಕಡೆಗೆ ಮುದಿಯ ದೊಡ್ಡ ಮೀನೊಂದು ಅಪರೂಪಕ್ಕೆ ಬರುತ್ತಿತ್ತು, ಮರಿಗಳೇ ಇರಲಿಲ್ಲ. ಮನೆಯಲ್ಲಿ ಅಜ್ಜ ಮಾತ್ರ ಉಳಿದು ತೊಟ್ಟಿಲು ಬರಿದಾದಂತೆ.

ಇನ್ನೂ ವಿಚಿತ್ರವೆಂದರೆ, ನೂರೈವತ್ತು ವರ್ಷಗಳಿಂದ ಲೋಕಪ್ರಸಿದ್ಧವಾಗಿದ್ದ ಈ ಡುಬ್ಬದ ಮೀನಿಗೆ ಶಾಸ್ತ್ರದಲ್ಲಿ ಸರಿಯಾದ ಹೆಸರೇ ಇರಲಿಲ್ಲ. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯ ಚಿಕ್ಕ ಮೀನುಗಳನ್ನು ನೋಡಿ, ಮತ್ಸ್ಯಶಾಸ್ತ್ರಜ್ಞೆ ರೇಮಾದೇವಿಯವರ ಗೌರವಾರ್ಥ, ಟಾರ್ ರೇಮಾದೇವಿಯೈ ಎಂಬ ಹೆಸರನ್ನಿಟ್ಟಿದ್ದರು. ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಡುಬ್ಬದ ಮೀನುಗಳನ್ನು ಪರೀಕ್ಷಿಸಿ, ಎರಡೂ ಒಂದೇ ಎಂದು 2018ರಲ್ಲಿ ಸಿದ್ಧಪಡಿಸಿದರು. ಅದೇ ವರ್ಷ ಅದು ಅಳಿವಿನ ಅತಿ ಸಮೀಪದ ಪ್ರಾಣಿಗಳ ಪಟ್ಟಿಯನ್ನು ಸೇರಿತು. ನಾಮಕರಣವೂ ಮರಣಭಯವೂ ಒಟ್ಟಿಗೇ ಬಂದುವು.

ಆ ಹೊತ್ತಿಗೆ ಗಾಳಿಬೋರೆಯ ಗಾಳಗಳು ನಿಂತು ಆರು ವರ್ಷವಾಗಿತ್ತು. ಈ ಕಾಡು 1987ರಿಂದ ಕಾವೇರಿ ವನ್ಯಧಾಮ. 1972ರ ವನ್ಯಜೀವಿ ಕಾಯಿದೆಯಂತೆ ಧಾಮದೊಳಗೆ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ. ಹಿಡಿದು ಬಿಡುವುದಕ್ಕೆ ಅಲ್ಲಿ ರಿಯಾಯಿತಿಯಿಲ್ಲವೆಂದು 2012ರಲ್ಲಿ ವಿನೋದವನ್ನು ನಿಲ್ಲಿಸಲಾಯಿತು. ಕಾಯಿದೆಯ ನ್ಯಾಯ ಸ್ಪಷ್ಟವಾಗಿದೆ. ಒಂದು ಪ್ರಾಣಿಗೆ ಅಭಯವೆಂದ ಮೇಲೆ ಇನ್ನೊಂದಕ್ಕೆ ಕೊಕ್ಕೆ ಎನ್ನುವುದು ಒಪ್ಪತಕ್ಕದ್ದಲ್ಲ. ಬಿಡಾರವು ಇಂದು ಹಕ್ಕಿಗಳನ್ನೂ ಕಾಡನ್ನೂ ನೋಡಬಯಸುವವರ ತಂಗುದಾಣ. ಆದರೆ ಗಾಳದೊಡನೆ ಲೆಕ್ಕವೂ ನಿಂತಿತು. ಗಂಟೆಗೆಷ್ಟು ಮೀನೆಂದು ದೀಪದ ಬಳಿ ಬರೆಯುವ ಕೈ ಇಲ್ಲವಾಯಿತು. ಇದರ ಮೇಲೆ, ಮೇಕೆದಾಟಿನ ಬಳಿ ಅಣೆಕಟ್ಟನ್ನು ಕಟ್ಟುವ ಯೋಜನೆಯು ವರ್ಷಗಳಿಂದ ವಿಚಾರದಲ್ಲಿದೆ. ಕುಡಿಯುವ ನೀರಿನ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಓಡುವ ನೀರನ್ನೇ ನಂಬಿದ ಮೀನಿಗೆ ನಿಂತ ನೀರು ಏನು ಮಾಡೀತೆಂಬುದನ್ನೂ ಆ ಲೆಕ್ಕದಲ್ಲಿ ಸೇರಿಸಬೇಕಲ್ಲವೆ?

ನಮಗೆ ತೋರುವುದಿಷ್ಟು. ಗಾಳವು ಮರಳಿ ಬರಬೇಕೆಂದು ನಾವು ವಾದಿಸುವುದಿಲ್ಲ. ಆದರೆ ಆ ಕೂಟದವರು ಹೊಳೆಗೆ ಕೊಟ್ಟ ಎರಡು ವಸ್ತುಗಳು, ದಂಡೆಯ ಹಳ್ಳಿಗರ ಕಾವಲು ಮತ್ತು ದಿನದಿನದ ಬರಹ, ಇವನ್ನು ಗಾಳವಿಲ್ಲದೆಯೂ ಉಳಿಸಿಕೊಳ್ಳಲು ಸಾಧ್ಯವಿರಬೇಕು. ಕೋಡಿಹಳ್ಳಿಯ ಸೀಮೆಯ ಮಕ್ಕಳು ಕೆರೆಯ ಕೋಡಿಯಲ್ಲಿ ಮೀನು ಎಣಿಸುತ್ತ ಬೆಳೆದವರು. ಹೊಳೆಯ ಮೀನನ್ನು ಎಣಿಸುವ ಕೆಲಸಕ್ಕೆ ಅವರಿಗಿಂತ ತಕ್ಕವರು ಯಾರು?

ಸಂಗಮಕ್ಕೆ ಹೋಗುವವರಿಗೆ ಎರಡು ಮಾತು. ಮಳೆ ನಿಂತು ನೀರು ತಿಳಿಯಾದ ಚಳಿಗಾಲವು ಪ್ರಯಾಣಕ್ಕೆ ಸುಖಕರ. ನೀರು ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸುಳಿಗಳುಂಟು. ಸಂಗಮದಲ್ಲಿಯೂ ಮೇಕೆದಾಟಿನಲ್ಲಿಯೂ ಪ್ರಾಣ ಕಳೆದುಕೊಂಡವರು ಅನೇಕರು. ಮಕ್ಕಳನ್ನು ನೀರಿಗೆ ಬಿಡಬೇಡಿ. ಬುತ್ತಿಯ ಕಾಗದವನ್ನೂ ಪ್ಲಾಸ್ಟಿಕ್ಕನ್ನೂ ಹೊಳೆಗೆ ಎಸೆಯದೆ ಮನೆಗೆ ತನ್ನಿ. ದಡದ ಬಂಡೆಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಮಡುವನ್ನು ನೋಡಿ. ದೊಡ್ಡದೊಂದು ನೆರಳು ನೀರಿಗೆದುರಾಗಿ ನಿಂತಂತೆ ಕಂಡರೆ, ಅದು ಯಾವ ಬಣ್ಣದ ರೆಕ್ಕೆಯದೆಂದು ಗಮನಿಸಿ ಬರೆದಿಟ್ಟುಕೊಳ್ಳಿ.