ಮಾಗಿಯ ಮರಿಗಳು

ಡಿಸೆಂಬರ್ 18, 2023
ಮೂಡಿಗೆರೆ

ಧನುರ್ಮಾಸ ಹಿಡಿದದ್ದೇ ಚಳಿ ಜೋರಾಗಿದೆ. ಬೆಳಗ್ಗೆ ಕಣದಲ್ಲಿ ಕಾಫಿಗೆ ಹೊದಿಸಿದ ಟಾರ್ಪಾಲಿನ ಮೇಲೆ ಇಬ್ಬನಿ ನೀರಾಗಿ ನಿಂತಿತ್ತು. ನಮ್ಮ ನಾಯಿ ಬೊಗ್ಗಿ ರಾತ್ರಿ ಸೌದೆ ಮನೆಯಲ್ಲಿ ಐದು ಮರಿ ಹಾಕಿದ್ದಾಳೆ. ನವರಾತ್ರಿ ಹೊತ್ತಿಗೆ ಬೆದೆಗೆ ಬಂದವಳು. ನಾಯಿಯ ಬಸಿರು ಸುಮಾರು 63 ದಿನ, ಲೆಕ್ಕ ಸರಿಯಾಗಿ ಮಾಗಿಗೇ ಬರುತ್ತದೆ. ಊರನಾಯಿಗಳು ಹೆಚ್ಚಾಗಿ ಹಡೆಯುವುದೇ ಈಗ. ಹುಟ್ಟಿದ ಮರಿಗೆ ಮೊದಲ ವಾರ ನಡುಗಲೂ ಬರುವುದಿಲ್ಲ. ತಾಯಿಯ ಹೊಟ್ಟೆ, ಒಡಹುಟ್ಟಿದವುಗಳ ಮೈ, ನಾವು ಮಾಡಿಕೊಟ್ಟ ಜಾಗ, ಇಷ್ಟೇ ಅವಕ್ಕೆ ಗತಿ.

ಸಿಮೆಂಟು ನೆಲ ಕಾಲಿಡಲಾರದಷ್ಟು ಥಂಡಿ. ಅಟ್ಟದ ಮರದ ಪೆಟ್ಟಿಗೆಯನ್ನು ಇಟ್ಟಿಗೆಗಳ ಮೇಲಿಟ್ಟು, ಗಾಳಿ ಬರುವ ಕಡೆಗೆ ಅದರ ಬೆನ್ನು ಮಾಡಿ, ಒಳಗೆ ಭತ್ತದ ಹುಲ್ಲು ದಪ್ಪಗೆ ಹಾಸಿದೆ. ಗೋಣಿ, ಹಳೇ ಬೆಡ್‌ಶೀಟು ಎರಡನ್ನೂ ಬೇಡವೆಂದೆ. ಅವು ಉಚ್ಚೆ ಹೀರಿ ಒದ್ದೆಯಾಗಿಯೇ ಉಳಿಯುತ್ತವೆ. ಒಣ ಹುಲ್ಲು ಬೆಚ್ಚಗಿರುತ್ತದೆ, ಹೊಲಸಾದಾಗ ಎತ್ತಿ ಗೊಬ್ಬರದ ಗುಂಡಿಗೆ ಹಾಕಬಹುದು.

ಅತ್ತೆ ಅಗ್ಗಿಷ್ಟಿಕೆ ಹಿಡಿದು ಬಂದರು. “ಬಾಣಂತಿ ಕೋಣೆಗೆ ಕೆಂಡ ಇಡೋದಿಲ್ವೇನೆ?” ಎಂದರು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಸುತ್ತಲೂ ಹುಲ್ಲು, ಸೌದೆ ಬೇರೆ. ಹೀಗೆಂದಾಗ ಅತ್ತೆ ಒಪ್ಪಿಕೊಂಡು, ಕೆಂಡವನ್ನು ಅಂಗಳಕ್ಕೆ ಒಯ್ದು ತಾವೇ ಕಾಯಿಸಿಕೊಂಡರು.

ಡಿಸೆಂಬರ್ 21

ಬೆಳಗಿನ ಜಾವ ಒಂದು ಮರಿ ಗುಂಪಿನಿಂದ ಉರುಳಿ ಮೂಲೆಯಲ್ಲಿತ್ತು. ಬಾಯೊಳಗೆ ಕಿರುಬೆರಳಿಟ್ಟೆ. ನಾಲಗೆಯೇ ತಣ್ಣಗಿತ್ತು. ಬೆರಳನ್ನು ಚೀಪಲಿಲ್ಲ.

ಅತ್ತೆ ಹಾಲು ಬಿಸಿಮಾಡಲು ಹೊರಟರು. ಬೇಡ ಅತ್ತೆ, ಮೊದಲು ಮೈ ಬಿಸಿಯಾಗಲಿ ಎಂದೆ. ತಣ್ಣಗಾದ ಮರಿಯ ಕರುಳು ಕೆಲಸ ಮಾಡುವುದಿಲ್ಲ. ಕುಡಿಸಿದ ಹಾಲು ಹೊಟ್ಟೆಯಲ್ಲೇ ನಿಲ್ಲುತ್ತದೆ, ಶ್ವಾಸಕೋಶಕ್ಕೂ ಹೋಗಬಹುದು. ಒಲೆಯ ಮುಂದೆ ಹಿಡಿದು ಒಮ್ಮೆಲೇ ಕಾಯಿಸುವುದೂ ತಪ್ಪು. ಸ್ವೆಟರಿನೊಳಗೆ ಎದೆಗೆ ಒತ್ತಿ ಕೂತೆ. ತುಂಬ ಹೊತ್ತಿನ ಮೇಲೆ ಮುಂಗಾಲು ಒಮ್ಮೆ ಅದುರಿತು, ಆಮೇಲೆ ಬಾಯಿ ತೆರೆದು ಹುಡುಕತೊಡಗಿತು. ಆಗ ಬೊಗ್ಗಿಯ ಹಿಂದಿನ ಮೊಲೆಗೆ ಹಚ್ಚಿದೆ. ನಾಲಗೆ ಮಡಿಸಿ ಎಳೆಯಿತು. ಅಷ್ಟು ಸಂತೋಷ ನನಗೆ ಈ ವರ್ಷ ಬೇರೆ ಯಾವುದರಿಂದಲೂ ಆಗಿಲ್ಲ.

ಡಿಸೆಂಬರ್ 27

ಮುದಿ ನಾಯಿ ಕರಿಯನಿಗೆ ಕೀಲುನೋವು. ಮೆಟ್ಟಿಲ ಮುಂದೆ ನಿಂತು ಮೇಲೆ ನೋಡುತ್ತಾನೆ, ಹತ್ತುವುದಿಲ್ಲ. ಜಗಲಿಯ ಮೂಲೆಯಲ್ಲಿ ಹಲಗೆ ಹಾಕಿ ಹಾಸಿಗೆ ಮಾಡಿದೆ. ಪಕ್ಕದ ತೋಟದ ಅಕ್ಕ ಅವನಿಗೆ ಪ್ಯಾರಾಸಿಟಮಾಲ್ ಕೊಡಿ ಎಂದರು. ನಮ್ಮ ನೋವಿನ ಮಾತ್ರೆ ಡಾಕ್ಟರು ಹೇಳದೆ ಯಾವ ಪ್ರಾಣಿಗೂ ಕೊಡಬಾರದು. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ಪ್ರಾಣವನ್ನೇ ತೆಗೆಯುವ ವಿಷ.

ಬೆಕ್ಕು ಬಚ್ಚಲೊಲೆಯ ಬೆಚ್ಚನೆ ಬೂದಿಯಲ್ಲಿ ಮಲಗುತ್ತದೆ. ಬೆಂಕಿ ಹಚ್ಚುವ ಮೊದಲು ಕೋಲಿನಿಂದ ಒಲೆಯೊಳಗೆ ತಡಕಬೇಕು, ಜೀಪು ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ತಟ್ಟಬೇಕು. ಎರಡನ್ನೂ ಮನೆಯವರಿಗೆಲ್ಲ ಹೇಳಿದ್ದೇನೆ.

ಜನವರಿ 1, 2024

ಐದೂ ಕಣ್ಣು ಬಿಟ್ಟಿವೆ. ಈಗ ಚಳಿಯಾದರೆ ನಡುಗುತ್ತವೆ, ತೆವಳಿಕೊಂಡು ಒಂದರ ಮೇಲೊಂದು ಬೀಳುತ್ತವೆ. ಬೊಗ್ಗಿಯ ಪಕ್ಕೆಲುಬು ಕಾಣಿಸತೊಡಗಿದೆ. ಹಾಲೂಡಿಸುವವಳಿಗೆ ಎರಡು ಮೂರು ಪಟ್ಟು ಊಟ ಬೇಕು, ಅನ್ನದ ಜತೆ ಮೊಟ್ಟೆ ಹೆಚ್ಚಿಸಿದೆ.

ಕುಯ್ಲಿಗೆ ಬರುವವರು ಈಗಲೇ ಮರಿ ಕೇಳುತ್ತಿದ್ದಾರೆ. ಎರಡು ತಿಂಗಳು ತುಂಬದೆ, ಪಾರ್ವೋ ಲಸಿಕೆ ಬೀಳದೆ ಒಂದನ್ನೂ ಕೊಡುವುದಿಲ್ಲ. ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ್ದೇನೆ: ಮೊದಲು ನೆಲದಿಂದ ಎತ್ತರಕ್ಕೆ ಒಂದು ಒಣ ಜಾಗ ಮಾಡಿ, ಆಮೇಲೆ ಬನ್ನಿ.