ಯೆರಿಕೋವಿನ ಗೋಡೆ

ಮನುಷ್ಯನಿಗೆ ಒಂದಲ್ಲ ಒಂದು ಚಟ ಬೇಕು. ಕೆಲವರಿಗೆ ಇಸ್ಪೀಟು, ಕೆಲವರಿಗೆ ನಶ್ಯ, ಇನ್ನು ಕೆಲವರಿಗೆ ಊರವರ ವ್ಯಾಜ್ಯ. ನನಗಿರುವುದು ದೂರದೇಶದಲ್ಲಿ ಮಣ್ಣು ಅಗೆಯುವವರ ಸುದ್ದಿ ಓದುವ ಚಟ. ಅದೂ ಎಲ್ಲ ಮಣ್ಣಲ್ಲ. ಸತ್ಯವೇದದಲ್ಲಿ ಹೆಸರು ಬಂದಿರುವ ಊರುಗಳ ಮಣ್ಣು. ನಾನಾದರೋ ಕ್ರೈಸ್ತನಲ್ಲ, ಆ ನಾಡನ್ನು ಕಣ್ಣಾರೆ ಕಂಡವನೂ ಅಲ್ಲ. ಇರುವುದು ಠಾಣಾ ಕುಶನೂರಿನಲ್ಲಿ. ಅದೆಲ್ಲಿದೆ ಎಂದು ಪಟ್ಟಣದ ಓದುಗರು ಕೇಳಿಯಾರು. ಕರ್ನಾಟಕದ ನಕ್ಷೆಯ ನೆತ್ತಿಯ ಮೇಲೆ ಬೆರಳಿಟ್ಟರೆ ಬೀದರ್ ಜಿಲ್ಲೆ. ಅಲ್ಲಿಯ ಔರಾದ್ ಸೀಮೆಯ ಊರು ಇದು. ಕನ್ನಡ, ಮರಾಠಿ, ಉರ್ದು ಮೂರೂ ಇಲ್ಲಿ ಒಂದೇ ಚಹದಂಗಡಿಯಲ್ಲಿ ಕೇಳುತ್ತವೆ.

ಚಟ ಹತ್ತಿದ್ದು ನೆರೆಮನೆಯಿಂದ. ನಮ್ಮ ಜಿಲ್ಲೆಯಲ್ಲಿ ಮೆಥೊಡಿಸ್ಟ್ ಸಭೆಗೆ ಸೇರಿದ ಮನೆಗಳು ಬಹಳ. ನೆರೆಮನೆಯ ಆಯಿಯೂ ಆ ಸಭೆಯವರೇ. ಕಣ್ಣು ಮಂಜಾದ ಮೇಲೆ ಸಂಜೆಹೊತ್ತು ನನ್ನಿಂದ ಸತ್ಯವೇದ ಓದಿಸಿ ಕೇಳುತ್ತಿದ್ದರು. ಓದುತ್ತ ಓದುತ್ತ, ಈ ಊರುಗಳೆಲ್ಲ ಇಂದಿಗೂ ಉಂಟೆ, ನೆಲ ಏನೆನ್ನುತ್ತದೆ ಎಂಬ ಕುತೂಹಲ ಹುಟ್ಟಿತು. ಆಗ ಪತ್ರಿಕೆ ಬೀದರಿನಿಂದ ಬಸ್ಸಿನಲ್ಲಿ ಬರಬೇಕು. ಯಾವುದಾದರೂ ಉತ್ಖನನದ ಸುದ್ದಿ ಮೂಲೆಯಲ್ಲಿ ನಾಲ್ಕು ಸಾಲು ಬಂದರೆ ಕತ್ತರಿಸಿ ಹಳೆಯ ಹಾಜರಿ ಪುಸ್ತಕಕ್ಕೆ ಅಂಟಿಸಿಡುವೆನು. ಹೈದರಾಬಾದಿಗೆ ಹೋದಾಗ ಹಳೆಯ ಪುಸ್ತಕದಂಗಡಿಯಲ್ಲಿ ‘ಬಿಬ್ಲಿಕಲ್ ಆರ್ಕಿಯಾಲಜಿ ರಿವ್ಯೂ’ದ ಹಳೆಯ ಸಂಚಿಕೆ ಸಿಕ್ಕಿತೆಂದರೆ ಅಂದು ಹಬ್ಬ. ಈಗ ಅಷ್ಟು ಕಷ್ಟವಿಲ್ಲ. ಮೃತಸಮುದ್ರದ ಬಳಿಯ ಗವಿಯಲ್ಲಿ 1947ರಲ್ಲಿ ದೊರೆತ ಯೆಶಾಯನ ಸುರುಳಿ ಏಳು ಮೀಟರಿಗಿಂತ ಉದ್ದ; 2011ರಿಂದ ಅದರ ಚಿತ್ರವನ್ನು ಯಾರು ಬೇಕಾದರೂ ಫೋನಿನಲ್ಲೇ ಬಿಚ್ಚಿ ನೋಡಬಹುದು. ಲಿಪಿ ನನಗೆ ಬಾರದು. ಆದರೆ ಹರಿದ ತೊಗಲನ್ನು ಯಾರೋ ದಾರದಿಂದ ಹೊಲಿದು ಸರಿಮಾಡಿದ್ದು ಕಾಣುತ್ತದೆ. ಅದನ್ನು ನೋಡುವುದಕ್ಕೆ ಲಿಪಿ ಬೇಕಿಲ್ಲ.

ನಾನು ಹೊಸ ಸುದ್ದಿ ತಂದಾಗಲೆಲ್ಲ ಆಯಿಯದು ಒಂದೇ ಪ್ರಶ್ನೆ: “ಮಾಸ್ತರ್, ಯೆರಿಕೋದ ಗ್ವಾಡಿ ಸಿಕ್ತೇನ್ರಿ?” ಕಹಳೆಯ ದನಿಗೆ, ಜನರ ಆರ್ಭಟಕ್ಕೆ ಕುಸಿದ ಗೋಡೆಯ ಕಥೆ ಅವರಿಗೆ ಬಲು ಪ್ರಿಯ.

ಇದಕ್ಕೆ ಉತ್ತರ ಹೇಳುವುದು ಸುಲಭವಲ್ಲ. 1930ರಿಂದ 1936ರವರೆಗೆ ಅಲ್ಲಿ ಅಗೆದ ಗಾರ್ಸ್ಟಾಂಗ್ ಎಂಬ ವಿದ್ವಾಂಸರು, ಬಿದ್ದ ಗೋಡೆ ಸಿಕ್ಕಿತು, ಇದು ಯೆಹೋಶುವನ ಕಾಲದ್ದೇ ಎಂದರು. ಜಗತ್ತೆಲ್ಲ ಕುಣಿಯಿತು. 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಎಂಬ ವಿದುಷಿ ಮತ್ತೆ ಅಗೆದರು. ಗೋಡೆ ಬಿದ್ದದ್ದು ನಿಜ. ಆದರೆ ಅದು ಯೆಹೋಶುವನ ಕಾಲಕ್ಕಿಂತ ಸುಮಾರು ಸಾವಿರ ವರ್ಷ ಹಿಂದಿನದು, ಅವನು ಬಂದನೆನ್ನುವ ಕಾಲಕ್ಕೆ ಅಲ್ಲಿ ಊರೇ ಹೆಚ್ಚುಕಡಿಮೆ ಬರಿದಾಗಿತ್ತು ಎಂದು ತೀರ್ಮಾನಿಸಿದರು. ಹಾಗೆ ಹೇಳಿದಾಕೆ ನಾಸ್ತಿಕಳೇನಲ್ಲ, ದೇವರಲ್ಲಿ ಭಕ್ತಿಯುಳ್ಳವಳು. ಬದಲಿಗೆ ಆಕೆಗೆ ಸಿಕ್ಕಿದ್ದು ಹತ್ತು ಸಾವಿರ ವರ್ಷದಷ್ಟು ಹಳೆಯ ಕಲ್ಲಿನ ಗೋಪುರ. ಯಾವ ಗ್ರಂಥದಲ್ಲಿಯೂ ಅದರ ಸುಳಿವಿಲ್ಲ.

ಈ ಕೆನ್ಯನ್ ಅಗೆತ ಕಲಿತದ್ದು ಮಾರ್ಟಿಮರ್ ವೀಲರ್ ಅವರ ಕೈಕೆಳಗೆ. ಅದೇ ವೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು, ದಕ್ಷಿಣದ ಪ್ರಾಚೀನ ಕಾಲಕ್ಕೆ ಒಂದು ಲೆಕ್ಕ ಹಾಕಿಕೊಟ್ಟರು. ಮಣ್ಣಿನ ಪದರವನ್ನು ಪುಟದಂತೆ ಒಂದೊಂದಾಗಿ ಓದಬೇಕು. ಬೇಕಾದ ವಸ್ತುವಿಗಾಗಿ ಕೈಹಾಕಿ ಕೀಳಬಾರದು. ಮೊಳಕಾಲ್ಮೂರಿನ ಕಡೆ ನಡೆದ ಈ ಪಾಠವೇ ಯೆರಿಕೋವಿನಲ್ಲಿಯೂ ನಡೆಯಿತು.

ನಾನು ಇದ್ದುದನ್ನು ಇದ್ದಂತೆ ಹೇಳಿದೆ. ಮುದುಕಿಯ ನಂಬಿಕೆಗೆ ಏಟಾದೀತೆ ಎಂಬ ಅಳುಕು ಇದ್ದೇ ಇತ್ತು. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಬಿದ್ದದಂತ ಬರದಾರ್ರಿ ಮಾಸ್ತರ್. ಬಿದ್ದಿದ್ ಗ್ವಾಡಿ ಹ್ಯಾಂಗ ಸಿಗ್ತದ? ಮುಂದಿಂದ್ ಓದ್ರಿ,” ಎಂದರು. ಅವರ ನಂಬಿಕೆ ನಿಂತಿದ್ದು ಆ ಗೋಡೆಯ ಮೇಲೆ ಅಲ್ಲವೇ ಅಲ್ಲ ಎಂಬುದು ಆಗ ತಿಳಿಯಿತು. ಗೋಡೆಗಾಗಿ ಪರದಾಡುವವರು ನಾವು, ಪತ್ರಿಕೆ ಓದುವವರು.

ಹಾಗೆಂದು ನೆಲ ಸಾಕ್ಷಿ ನುಡಿಯುವುದೇ ಇಲ್ಲವೆಂದಲ್ಲ. 1993ರಲ್ಲಿ ತೇಲ್ ದಾನ್ ಎಂಬಲ್ಲಿ ಗೋಡೆಯೊಂದರಲ್ಲಿ ಸೇರಿಹೋಗಿದ್ದ ಒಡಕು ಕಲ್ಲು ಸಿಕ್ಕಿತು. ಶತ್ರು ಅರಸನೊಬ್ಬ ತನ್ನ ಗೆಲುವನ್ನು ಕೊಚ್ಚಿಕೊಂಡ ಶಾಸನ ಅದು. ಅದರಲ್ಲಿ ದಾವೀದನ ಮನೆತನದ ಹೆಸರು ಬಂದಿತ್ತು. ದಾವೀದನ ತರುವಾಯ ನೂರು ವರ್ಷಕ್ಕಿಂತ ಹೆಚ್ಚು ಕಾಲ ಕಳೆದ ಮೇಲಿನ ಕಲ್ಲು. ಹೆಸರಷ್ಟೇ ಅದರ ಸಾಕ್ಷ್ಯ. ನಮ್ಮವರಿಗೆ ಇದು ಹೊಸದಲ್ಲ. ರಾಯಚೂರಿನ ಮಸ್ಕಿಯಲ್ಲಿ 1915ರಲ್ಲಿ ಚಿನ್ನ ಹುಡುಕಲು ಬಂದ ಬೀಡನ್ ಎಂಬ ಇಂಜಿನಿಯರಿಗೆ ಸಿಕ್ಕಿದ್ದು ಶಾಸನ. ಅದುವರೆಗೆ ಬರಿಯ ದೇವಾನಾಂಪ್ರಿಯನಾಗಿದ್ದವನಿಗೆ ಅಶೋಕನೆಂಬ ಹೆಸರು ಕಲ್ಲಿನ ಬಾಯಲ್ಲೇ ಬಂತು. ಬಸವಣ್ಣನವರ ವಿಚಾರದಲ್ಲಿಯೂ ಹಾಗೆಯೇ; ಅವರ ವಂಶವನ್ನು ಹೇಳುವ ಅರ್ಜುನವಾಡದ ಶಾಸನ 1260ರದು, ಅವರು ಲಿಂಗೈಕ್ಯರಾಗಿ ಸುಮಾರು ನೂರು ವರ್ಷದ ಮೇಲಿನದು. ಆ ಕಲ್ಲು ಸಿಗದಿದ್ದರೆ ವಚನದ ತೂಕ ಕಡಮೆಯಾಗುತ್ತಿತ್ತೆ?

ಎಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಯೆರೂಸಲೇಮಿನ ಒಂದು ಸುರಂಗ. ಹಿಜ್ಕೀಯ ಅರಸನು ಊರೊಳಕ್ಕೆ ನೀರು ತಂದನೆಂದು ಗ್ರಂಥ ಹೇಳುತ್ತದೆ. 533 ಮೀಟರ್ ಉದ್ದದ ಆ ಸುರಂಗದ ಗೋಡೆಯಲ್ಲಿ 1880ರಲ್ಲಿ ಹುಡುಗನೊಬ್ಬನ ಕಣ್ಣಿಗೆ ಬರಹ ಬಿತ್ತು. ಅದು ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಅರಸನ ಹೆಸರೇ ಇಲ್ಲ! ಎರಡು ಕಡೆಯಿಂದ ಬಂಡೆ ಕಡಿಯುತ್ತ ಬಂದವರು, ನಡುವೆ ಮೂರು ಮೊಳ ಉಳಿದಾಗ ಒಬ್ಬರ ಕೂಗು ಒಬ್ಬರಿಗೆ ಕೇಳಿದ್ದು, ಗುದ್ದಲಿಗೆ ಗುದ್ದಲಿ ಎದುರಾದದ್ದು, ನೀರು ಹರಿದದ್ದು: ಇಷ್ಟೇ ಬರೆದಿದೆ. ಗ್ರಂಥಕ್ಕೆ ನೆನಪಾದವನು ಅರಸ. ಕಲ್ಲಿಗೆ ನೆನಪಾದವರು ಕೂಲಿಯವರು.

ಬೀದರಿನ ನೌಬಾದಿನಲ್ಲಿಯೂ ಇಂಥದೇ ನೆಲದಡಿಯ ನೀರಿನ ದಾರಿಯುಂಟು. ಬಹಮನಿಯವರ ಕಾಲದ ಕರೇಜ್, ಜನರ ಬಾಯಲ್ಲಿ ಸುರಂಗ ಬಾವಿ. ಸುಲ್ತಾನರ ಹೆಸರು ಚರಿತ್ರೆಯಲ್ಲಿದೆ. ಕತ್ತಲೆಯಲ್ಲಿ ಜಂಬಿಟ್ಟಿಗೆ ಕಡಿದವರ ಹೆಸರು ಯಾರಿಗೆ ಗೊತ್ತು? ಯೆರೂಸಲೇಮಿನ ಬರಹವನ್ನು ಆಯಿಗೆ ಓದಿ ಹೇಳಿದಾಗ ಗೋಡೆಯ ಪ್ರಶ್ನೆ ಬರಲಿಲ್ಲ. ಅವರ ತಂದೆ ಬಾವಿ ತೋಡುತ್ತಿದ್ದವರು. “ಹೌದ್ರಿ, ಒಳಗ್ ಇದ್ದವಗ ಮ್ಯಾಲಿನವ್ರ ದನೀನೇ ದೇವರು,” ಎಂದರು.

ಪುರಾವೆಗಾಗಿ ಬಾಯಿ ಬಿಡುವವರಿಗೆ ಪುರಾವೆ ತಯಾರಿಸಿ ಮಾರುವವರೂ ಇದ್ದಾರೆ. ವಾಷಿಂಗ್ಟನ್ನಿನ ಬೈಬಲ್ ವಸ್ತುಸಂಗ್ರಹಾಲಯದಲ್ಲಿದ್ದ, ಮೃತಸಮುದ್ರದ ಸುರುಳಿಯದೆನ್ನಲಾದ 16 ತುಣುಕುಗಳೂ ಖೋಟಾ ಎಂದು 2020ರಲ್ಲಿ ಬಯಲಾಯಿತು. ಹಳೆಯ ತೊಗಲಿನ ಮೇಲೆ ಈಚೆಗೆ ಬರೆದವು. ಪರೀಕ್ಷೆ ಮಾಡಿಸಿ ಸತ್ಯವನ್ನು ಪ್ರಕಟಿಸಿದ್ದು ಆ ಸಂಗ್ರಹಾಲಯವೇ ಎಂಬುದು ಮೆಚ್ಚತಕ್ಕ ಮಾತು. ಅಂದಿನಿಂದ ನಾನೊಂದು ನಿಯಮ ಮಾಡಿಕೊಂಡಿದ್ದೇನೆ: ದೊಡ್ಡ ಅಕ್ಷರದ ಸುದ್ದಿಯನ್ನು ಪುಸ್ತಕಕ್ಕೆ ಅಂಟಿಸುವುದು, ಪಕ್ಕದಲ್ಲಿ ಅರ್ಧ ಪುಟ ಖಾಲಿ ಬಿಡುವುದು. ಎರಡು ವರ್ಷವೋ ಹತ್ತು ವರ್ಷವೋ ಕಳೆದ ಮೇಲೆ ಬರುವ ಸಣ್ಣ ಅಕ್ಷರದ ಸುದ್ದಿಗೆ ಆ ಜಾಗ.

ನೆಲವನ್ನು ನಮ್ಮ ಪಕ್ಷದ ಸಾಕ್ಷಿಯೆಂದು ಕಟಕಟೆಗೆ ಎಳೆದುತಂದರೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ. ತನ್ನ ಪಾಡಿಗೆ ಹೇಳಗೊಟ್ಟರೆ ನಾವು ಕೇಳದೆ ಇದ್ದುದನ್ನು ಹೇಳುತ್ತದೆ. ಪರದೇಶದ ಮಾತು ಹಾಗಿರಲಿ. ನಮ್ಮ ಕಾಲಡಿಯ ಎರೆಮಣ್ಣಿಗೂ ಅಷ್ಟು ಸಹನೆ ತೋರಿಸಿದರೆ ಸಾಕು.