ಹೃದಯ ಗುಣವಾದ ಮೇಲೆ ಮಿದುಳನ್ನು ನೋಡುವದು

ಬಾಲ್ಯದ ಗಂಟಲುನೋವನ್ನು ಅಲಕ್ಷ್ಯಮಾಡಿದಲ್ಲಿ ಕೀಲುವಾತದ ಜ್ವರ ಬಂದು ಹೃದಯದ ಕವಾಟಗಳು ಕೆಡುವದುಂಟೆಂದು ನಮ್ಮ ಆರೋಗ್ಯಶಾಸ್ತ್ರದ ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಡೆಯ ಇಂಥ ರೋಗಿಗಳು ಹಾಸನಕ್ಕೂ, ಅಲ್ಲಿಂದ ಬೆಂಗಳೂರು ಮೈಸೂರುಗಳಿಗೂ ಹೋಗುವರು. ಕವಾಟವನ್ನು ಬದಲಿಸುವ ವಿದ್ಯೆ ಈಗ ಅಪೂರ್ವವಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ನಮ್ಮ ದೇಶದಲ್ಲಿಯೇ ನಿರ್ಮಿಸಿದ ಕವಾಟವನ್ನು 1990ರಲ್ಲಿ ಮೊದಲಬಾರಿಗೆ ರೋಗಿಗೆ ಅಳವಡಿಸಿದರು. ಆದರೆ ಈ ಚಿಕಿತ್ಸೆಯಲ್ಲಿ ಮಿದುಳಿಗೂ ಪೆಟ್ಟಾಗಬಹುದೆಂಬುದನ್ನು ಮನೆಯವರು ಅಷ್ಟಾಗಿ ಅರಿಯರು.

ಹೃದಯವನ್ನು ನಿಲ್ಲಿಸಿ ರಕ್ತವನ್ನು ಯಂತ್ರದಿಂದ ಹರಿಯಿಸುವಾಗ ಗಾಳಿಯ ಗುಳ್ಳೆಯಾಗಲಿ, ಕೆಟ್ಟ ಕವಾಟದ ಸುಣ್ಣದ ಚೂರಾಗಲಿ, ಹೆಪ್ಪುಗಟ್ಟಿದ ರಕ್ತವಾಗಲಿ ಮಿದುಳಿನ ನಾಳವನ್ನು ಸೇರಬಹುದು. ದೊಡ್ಡದಾದರೆ ಬಾಯಿ ಸೊಟ್ಟಗಾಗುವದು, ಕೈ ಸೋಲುವದು, ಮಾತು ತೊದಲುವದು. ಆಗ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಚಿಕ್ಕದಾದರೆ ಹೊರಗೆ ಏನೂ ಕಾಣದು. 2014ರಲ್ಲಿ ಪ್ರಕಟವಾದ ಅಮೇರಿಕದ ಒಂದು ಅಧ್ಯಯನದಲ್ಲಿ, ಮಹಾಧಮನಿಯ ಕವಾಟವನ್ನು ಬದಲಿಸಿಕೊಂಡ ವೃದ್ಧರನ್ನು ನರರೋಗತಜ್ಞರು ಕೂಲಂಕಷವಾಗಿ ಪರೀಕ್ಷಿಸಲು ನೂರಕ್ಕೆ 17 ಮಂದಿಯಲ್ಲಿ ಮಿದುಳಿನ ಆಘಾತ ಕಂಡುಬಂತು. ಅದೇ ರೋಗಿಗಳ ಶಸ್ತ್ರಚಿಕಿತ್ಸೆಯ ದಾಖಲೆಯಲ್ಲಿ ಇದರ ಅರ್ಧದಷ್ಟೂ ನಮೂದಾಗಿರಲಿಲ್ಲ. ಆಘಾತವೇ ತೋರದಿದ್ದವರ ಎಂ.ಆರ್.ಐ. ಚಿತ್ರಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೊಸ ಚುಕ್ಕೆಗಳಿದ್ದವು. ವೃದ್ಧರ ಈ ಲೆಕ್ಕವನ್ನು ನಮ್ಮ ಎಳೆಯ ಹೆಣ್ಣುಮಕ್ಕಳಿಗೆ ಹಾಗೆಯೇ ಹಚ್ಚಲಾಗದು. ಆದರೆ ಹುಡುಕಿದವರಿಗೇ ಸಿಕ್ಕಿತೆಂಬುದು ಗಮನಿಸತಕ್ಕ ಸಂಗತಿ.

ನಮ್ಮಲ್ಲಿ ಓದಿದ ಹುಡುಗಿಯೊಬ್ಬಳು ಹೀಗೆಯೇ ಚಿಕಿತ್ಸೆ ಹೊಂದಿ ಬೇಲೂರಿನ ಬಳಿಯ ತನ್ನ ಊರಿಗೆ ಬಂದಳು. ನಡೆಯುತ್ತಿದ್ದಳು, ನಗುತ್ತಿದ್ದಳು. “ಟೀಚರಮ್ಮಾ, ಎಲ್ಲಾ ಸರಿಯಾಗಿದೆ, ಮತ್ತಿನ ಮದ್ದಿನ ಅಮಲು ಮಾತ್ರ ಇನ್ನೂ ಇಳಿದಿಲ್ಲ” ಎಂದು ತಾಯಿ ಅಂದರು. ಚಿಕಿತ್ಸೆಯಾಗಿ ಆಗಲೇ ಎರಡು ತಿಂಗಳು! ಗಲಿಬಿಲಿಯು ಮೊದಲ ಕೆಲವು ದಿನ ಇರುವದು ಸಾಮಾನ್ಯ. ಇದು ಅದಲ್ಲವೆಂದು ನಮಗೆ ತೋರಿತು. ಬಾಲ್ಯದಲ್ಲಿ ಕಲಿತ ಕೀರ್ತನೆಯನ್ನು ತಪ್ಪದೆ ಹೇಳಿದಳು. ಆದರೆ ತಿಂಗಳುಗಳನ್ನು ಹಿಂದಿನಿಂದ ಹೇಳೆಂದಾಗ ಆಗಸ್ಟಿನಲ್ಲಿ ನಿಂತಳು. ಉಕ್ತಲೇಖನದ ಎರಡನೆಯ ವಾಕ್ಯ ಬರೆಯುವಷ್ಟರಲ್ಲಿ ಮೊದಲನೆಯದನ್ನು ಮರೆತಳು. ನಮ್ಮ ಬೀರುವಿನಲ್ಲಿದ್ದ ಅವಳ ಹಳೆಯ ಪುಸ್ತಕವನ್ನು ಪಕ್ಕದಲ್ಲಿಟ್ಟಾಗ ತಾಯಿಗೂ ವ್ಯತ್ಯಾಸ ತಿಳಿಯಿತು. ಹಳೇಬೀಡಿನ ಗೋಡೆಯಲ್ಲಿ ಯಾವ ಬೆರಳು ಮುರಿದಿದೆಯೆಂಬುದನ್ನು ದಿನವೂ ನೋಡುವವನು ಬಲ್ಲನು, ಯಾತ್ರಿಕನು ಅರಿಯನು. ವೈದ್ಯರು ಅವಳನ್ನು ಮೊದಲು ಕಂಡವರಲ್ಲ.

ಪುಸ್ತಕದೊಡನೆ ಅವಳನ್ನು ನರರೋಗ ವೈದ್ಯರ ಬಳಿಗೆ ಕಳುಹಿಸಿದೆವು. ಎಂ.ಆರ್.ಐ.ಯಲ್ಲಿ ಎರಡು ಸಣ್ಣ ಗಾಯದ ಗುರುತುಗಳು ಕಂಡವು. ಹೊಸ ಗಾಯವು ಮೊದಲ ಹತ್ತು ದಿನಗಳಲ್ಲಿ ಸ್ಪಷ್ಟವಾಗಿ ತೋರುವದಂತೆ, ಸಿ.ಟಿ.ಯಲ್ಲಿ ಇಷ್ಟು ಚಿಕ್ಕವು ತಪ್ಪಿಹೋಗುವದುಂಟು. ಕವಾಟದ ಲೋಹಕ್ಕೆ ಜನರು ಹೆದರುವರು. ಈಗಿನವು ಸಾಮಾನ್ಯವಾಗಿ ಅಡ್ಡಿಯಲ್ಲ, ಆದಾಗ್ಯೂ ಕವಾಟದ ಚೀಟಿಯನ್ನು ತೋರಿಸತಕ್ಕದ್ದು. ಜ್ಞಾಪಕ, ಗಮನಗಳನ್ನು ಅಳೆಯಲು ಬೆಂಗಳೂರಿನ ನಿಮ್ಹಾನ್ಸ್‌ನವರು 2004ರಲ್ಲಿ ಪ್ರಕಟಿಸಿದ ಪರೀಕ್ಷಾಮಾಲೆಯುಂಟು. ಓದುಬರಹ ಬಾರದವರಿಗೂ ಅದರಲ್ಲಿ ಬೇರೆ ಅಳತೆಯಿದೆ. ಇದು ಬಹಳ ನ್ಯಾಯವಾದುದು, ಯಾಕಂದರೆ ನಮ್ಮ ಹಳ್ಳಿಗಳ ತಾಯಂದಿರಿಗೆ ಅಕ್ಷರದ ಪರೀಕ್ಷೆ ಕೊಟ್ಟರೆ ಮಿದುಳನ್ನಲ್ಲ, ಶಾಲೆಯನ್ನು ಅಳೆದಂತಾಗುವದು.

ಕವಾಟದ ಚಿಕಿತ್ಸೆಗೆ ಹೋಗುವವರಿದ್ದಲ್ಲಿ, ಹೊರಡುವ ಮೊದಲು ಒಂದು ಪುಟ ಬರೆಯಿಸಿ, ಒಂದು ದಿನದ ಮನೆಯ ಲೆಕ್ಕ ಹಾಕಿಸಿ ಇಟ್ಟುಕೊಳ್ಳಿರಿ. ಬಂದ ಮೇಲೆ ಅದನ್ನೇ ಮಾಡಿಸಿ ನೋಡಿರಿ. ನಮ್ಮ ಹುಡುಗಿಯು ದಿನಕ್ಕೊಂದು ಪುಟದಂತೆ ನಕಲು ಬರೆದು ಎಂಟು ತಿಂಗಳಲ್ಲಿ ಬಹುಮಟ್ಟಿಗೆ ಚೇತರಿಸಿಕೊಂಡಳು; ಈಗ ತಂದೆಯ ಕೊಬ್ಬರಿ ಮಂಡಿಯ ಖಾತೆಯನ್ನು ಅವಳೇ ಬರೆಯುತ್ತಾಳೆ, ಕೂಡಿದ್ದನ್ನು ಎರಡು ಸಾರಿ ನೋಡುತ್ತಾಳೆ.